ಸಂಶೋಧನೆಯ ಮಡಿ-ಮೈಲಿಗೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮನುಷ್ಯರಿಗಷ್ಟೇ ಅಲ್ಲ, ವಿಷಯಗಳಿಗೂ ಜಾತಿ ಇದೆ. ಎಲ್ಲಕ್ಕಿಂತ ಮೇಲೆ ಗಣಿತ. ಅದು ಏನನ್ನೂ ಮುಟ್ಟುವುದಿಲ್ಲ; ಕಾಗದ, ಪೆನ್ನು, ತಲೆ ಇದ್ದರೆ ಸಾಕು, ಆದ್ದರಿಂದ ಪೂರಾ ಮಡಿ. ಅದರ ಕೆಳಗೆ ಸೈದ್ಧಾಂತಿಕ ಭೌತಶಾಸ್ತ್ರ. ಆಮೇಲೆ ಕೈಗೆ ಆಸಿಡ್ಡು, ಎಣ್ಣೆ ಹತ್ತಿಸಿಕೊಳ್ಳುವ ಪ್ರಯೋಗಶಾಲೆಯವರು. ಅವರಿಗೂ ಕೆಳಗೆ ಊರೂರು ಅಲೆದು ಜನರನ್ನು ಮಾತಾಡಿಸುವ ಸಮಾಜಶಾಸ್ತ್ರದವರು. ಕಟ್ಟಕಡೆಗೆ, ಊರಾಚೆ, ಜಾನಪದ. ಈ ಶ್ರೇಣಿಯನ್ನು ಯಾವ ಸುತ್ತೋಲೆಯಲ್ಲೂ ಬರೆದಿಟ್ಟಿಲ್ಲ. ಮನುಸ್ಮೃತಿಯನ್ನಾದರೂ ಬರೆದಿಟ್ಟಿದ್ದರು, 1927ರಲ್ಲಿ ಮಹಾಡದಲ್ಲಿ ಸುಡುವುದಕ್ಕಾದರೂ ಕೈಗೆ ಸಿಕ್ಕಿತು.

ಎಂ.ಎ. ಮುಗಿಸಿ ಪಿಎಚ್.ಡಿ.ಗೆಂದು ಹೋದ ನಮ್ಮ ಹುಡುಗ ಹುಡುಗಿಯರಿಗೆ ಸಿಗುವ ಸಲಹೆಯನ್ನು ನಾವು ಎಷ್ಟು ಸಲ ಕೇಳಿಲ್ಲ! 'ನಿಮ್ಮ ಕೇರಿ ಕಡೆ ಮಾರಿಹಬ್ಬ ಮಾಡ್ತಾರಲ್ಲಪ್ಪ, ಅದರ ಮೇಲೆ ಮಾಡು. ನಿನಗೂ ಸುಲಭ, ಮಾಹಿತಿ ಮನೆಯಲ್ಲೇ ಸಿಗುತ್ತೆ.' ಕೇಳುವುದಕ್ಕೆ ಪ್ರೀತಿಯ ಮಾತು. ಆದರೆ ಅದೇ ಮಾರ್ಗದರ್ಶಕರು ಮೇಲ್ಜಾತಿಯ ಹುಡುಗನಿಗೆ 'ನಿಮ್ಮ ಮನೆಯ ತಿಥಿ ಊಟದ ಮೇಲೆ ಮಾಡು' ಅಂದದ್ದನ್ನು ನಾವಂತೂ ಕೇಳಿಲ್ಲ. ಅವನು ಏನನ್ನು ಬೇಕಾದರೂ ಕೇಳಬಹುದು. ಇವನು ತನ್ನನ್ನೇ ತಾನು ಅಗೆದು ತೋರಿಸಬೇಕು.

ಹಂಗಂತ ಜಾನಪದ ಕೀಳು, ಗಣಿತ ಮೇಲು ಅಂತ ನಾವೂ ಅದೇ ಏಣಿ ಹತ್ತಬೇಕೆ? ಪ್ರಶ್ನೆ ಇರುವುದು ಏಣಿಯ ಮೇಲೇ. ಸಂಶೋಧನೆ ಎಂಬುದು ಒಂದೇ ಬಗೆಯ ಕೆಲಸವಲ್ಲ. ಗಣಿತದವನು ಸಾಧಿಸುತ್ತಾನೆ, ವಿಜ್ಞಾನಿ ಅಳೆದು ಪರೀಕ್ಷಿಸುತ್ತಾನೆ, ಕ್ಷೇತ್ರಕಾರ್ಯದವನು ಇದ್ದು ನೋಡುತ್ತಾನೆ, ಗ್ರಂಥ ಸಂಪಾದಕ ಹತ್ತು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಯಾವ ಸಾಲು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು ಎಂದು ಹುಡುಕುತ್ತಾನೆ. ಪ್ರತಿಯೊಂದರಲ್ಲೂ ತಪ್ಪು ಆಗುವ ದಾರಿ ಬೇರೆ, ತಪ್ಪು ಹಿಡಿಯುವ ದಾರಿಯೂ ಬೇರೆ. ನಮಗೆ ಹತ್ತಿರದ ಒಂದೇ ಪ್ರಶ್ನೆಯನ್ನು ಹಿಡಿದು ಇದನ್ನು ನೋಡೋಣ: ಜಾತಿ ಇಷ್ಟು ಕಾಲ ಹೇಗೆ ನಿಂತಿತು?

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಮಾನವಶಾಸ್ತ್ರದ ಒಂದು ಸೆಮಿನಾರಿನಲ್ಲಿ, 25 ವರ್ಷದ ಅಂಬೇಡ್ಕರರು ಭಾರತದ ಜಾತಿಗಳ ಮೇಲೆ ಒಂದು ಪ್ರಬಂಧ ಓದಿದರು. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಂದು ಗುಂಪಿದೆ, ಅದರಲ್ಲಿ ನೂರು ಗಂಡು, ನೂರು ಹೆಣ್ಣು ಅಂದುಕೊಳ್ಳಿ. ಗುಂಪಿನೊಳಗೇ ಮದುವೆ ಆಗಬೇಕು, ಹೊರಗೆ ಕೂಡದು. ಈಗ ಒಬ್ಬ ಗಂಡ ಸತ್ತ. ಒಂದು ಹೆಣ್ಣು ಲೆಕ್ಕಕ್ಕೆ ಹೆಚ್ಚಾಯಿತು. ಅವಳು ಹೊರಗೆ ಹೋಗಿ ಮದುವೆಯಾದರೆ ಗೋಡೆ ಬಿತ್ತು. ಒಳಗೇ ಇನ್ನೊಬ್ಬನನ್ನು ಮದುವೆಯಾದರೆ ಕಾದು ಕೂತ ಕನ್ಯೆಯೊಬ್ಬಳ ಗಂಡನನ್ನು ಕಿತ್ತುಕೊಂಡಳು. ಆದ್ದರಿಂದ ಒಂದೋ ಅವಳನ್ನು ಗಂಡನ ಜತೆ ಸುಡು, ಇಲ್ಲಾಂದ್ರೆ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸು. ಹೆಂಡತಿ ಸತ್ತ ಗಂಡಸನ್ನು ಸುಡುವುದಕ್ಕಾಗುತ್ತದೆಯೇ? ಅವನು ಗಂಡಸು, ಗುಂಪಿಗೆ ಬೇಕು. ಅವನಿಗೆ ಇನ್ನೂ ಮದುವೆಯ ಸಾಲಿಗೇ ಬರದ ಎಳೆಯ ಮಗುವನ್ನು ಕಟ್ಟು. ಸತಿ, ವಿಧವೆಯ ಪಾಡು, ಬಾಲ್ಯವಿವಾಹ: ಬೇರೆ ಬೇರೆ ಅನಿಷ್ಟ ಪದ್ಧತಿಗಳೆಂದು ಸುಧಾರಕರು ಕಣ್ಣೀರಿಟ್ಟ ಮೂರೂ ಒಂದೇ ಲೆಕ್ಕದ ಉತ್ತರಗಳಾಗಿ ಹೊರಬಂದವು. ಗೋತ್ರದಾಚೆ ಮದುವೆಯಾಗುವ ಸಮಾಜದ ಮೇಲೆ ಜಾತಿಯೊಳಗೇ ಮದುವೆ ಎಂಬ ಕಟ್ಟಳೆಯನ್ನು ಹೇರಿದ್ದೇ ಜಾತಿ ಎಂದು ಅವರು ತೋರಿಸಿದರು.

ಇಲ್ಲಿ ಅಂಬೇಡ್ಕರರು ಯಾವ ಹಳ್ಳಿಗೂ ಹೋಗಿಲ್ಲ, ಯಾರ ಮೂಗನ್ನೂ ಅಳೆದಿಲ್ಲ. ಒಂದು ಮಾತಿನಿಂದ ಇನ್ನೊಂದು ಮಾತು ಹೊರಡುತ್ತದೆ, ರೇಖಾಗಣಿತದ ಸಾಧನೆಯ ಹಾಗೆ. ಇದನ್ನು ಸುಳ್ಳು ಅನ್ನಬೇಕಾದರೆ ಯಾವ ಮೆಟ್ಟಿಲು ಮುರಿದಿದೆ ಎಂದು ತೋರಿಸಬೇಕು. ಮರುವರ್ಷ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾದ ಈ ಬರಹವನ್ನು ನಮ್ಮ ಸಮಾಜಶಾಸ್ತ್ರ ವಿಭಾಗಗಳು ಪಠ್ಯದಲ್ಲಿ ಸೇರಿಸಿಕೊಳ್ಳಲು ಎಷ್ಟು ದಶಕ ಹಿಡಿಯಿತು ಎಂಬುದನ್ನು ಓದುಗರೇ ಬಲ್ಲರು.

ಇನ್ನು ಇದ್ದು ನೋಡುವ ದಾರಿ. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಇದ್ದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಜನರ ಮಾತು, ಜಗಳ, ಬೆಳೆ, ದನ, ಎಲ್ಲವನ್ನೂ ಪ್ರೀತಿಯಿಂದ ನೋಡಿದ ಪುಸ್ತಕ, ಅನುಮಾನವಿಲ್ಲ. ಆದರೆ ಅವರು ಇಳಿದುಕೊಂಡದ್ದು ಎಲ್ಲಿ? ಊರ ಪಟೇಲರ ಎತ್ತಿನ ಮನೆಯಲ್ಲಿ. ಅಡುಗೆಗೆ ಬ್ರಾಹ್ಮಣನೊಬ್ಬನನ್ನು ಕರೆದುಕೊಂಡೇ ಹೋಗಿದ್ದರು. ಇದನ್ನು ಅವರು ಮುಚ್ಚಿಟ್ಟಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕರು. ಪಟೇಲರ ಎತ್ತಿನ ಮನೆಯಿಂದ ನೋಡಿದರೆ ಊರು ಚೆನ್ನಾಗಿ ಕಾಣುತ್ತದೆ, ಕೇರಿ ಕಾಣುವುದು ಕಷ್ಟ. ಕೆಳಗಿನವರು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುತ್ತಾರೆ ಎಂಬ 'ಸಂಸ್ಕೃತೀಕರಣ'ದ ಮಾತನ್ನು ಅವರು 1952ರ ಕೊಡಗಿನ ಪುಸ್ತಕದಲ್ಲೇ ಮುಂದಿಟ್ಟಿದ್ದರು. ಕೇರಿಯಲ್ಲಿ ಮಲಗಿ ಎದ್ದವನಾದರೆ ಮೊದಲು ಕೇಳುವ ಪ್ರಶ್ನೆ ಬೇರೆ: ಮೀಸೆ ತಿರುವಿದರೆ, ಮದುವೆಗೆ ಕುದುರೆ ಹತ್ತಿದರೆ ಹೊಡೆಯುವವರು ಯಾರು? ಕ್ಷೇತ್ರಕಾರ್ಯದಲ್ಲಿ ತಪ್ಪು ಕೂಡುವ ಕಳೆಯುವ ಲೆಕ್ಕದಲ್ಲಿ ಆಗುವುದಿಲ್ಲ. ರಾತ್ರಿ ಯಾರ ಮನೆಯಲ್ಲಿ ಮಲಗಿದಿರಿ, ಯಾರ ಕೈಯ ನೀರು ಕುಡಿದಿರಿ ಎಂಬಲ್ಲಿ ಆಗುತ್ತದೆ.

ಈ ದಾರಿಗಳು ಬೇರೆ ಬೇರೆ ಎಂದೆವು. ಆದರೆ ಎಲ್ಲವನ್ನೂ ಒಬ್ಬನೇ ನಡೆದದ್ದೂ ಉಂಟು. ಗೋವೆಯ ಡಿ.ಡಿ. ಕೋಸಂಬಿ (1907-1966) ವೃತ್ತಿಯಿಂದ ಗಣಿತದವರು, ಬೊಂಬಾಯಿಯ ಟಾಟಾ ಸಂಸ್ಥೆಯಲ್ಲಿದ್ದರು. ಅವರು ತಕ್ಕಡಿ ಹಿಡಿದು ಹಳೆಯ ಬೆಳ್ಳಿ ನಾಣ್ಯಗಳನ್ನು ಸಾವಿರಗಟ್ಟಲೆ ತೂಗಿದರು. ಕೈಯಿಂದ ಕೈಗೆ ಹೋದಷ್ಟೂ ನಾಣ್ಯ ಸವೆಯುತ್ತದೆ, ಹಗುರವಾಗುತ್ತದೆ. ಸಂತೆಗೆ ಹೋಗುವ ಯಾವ ಹೆಣ್ಣುಮಗಳಿಗೂ ಇದು ಗೊತ್ತು. ಕೋಸಂಬಿ ಆ ಸವೆತವನ್ನು ಸಂಖ್ಯಾಶಾಸ್ತ್ರದಿಂದ ಲೆಕ್ಕ ಹಾಕಿ ಯಾವ ಗುರುತಿನ ನಾಣ್ಯ ಮೊದಲು, ಯಾವುದು ಆಮೇಲೆ ಎಂದು ಸಾಲು ಹಚ್ಚಿದರು. ಅದೇ ಮನುಷ್ಯ ಭರ್ತೃಹರಿಯ ಹಸ್ತಪ್ರತಿಗಳನ್ನು ಪರಿಷ್ಕರಿಸಿದರು, ಪುಣೆಯ ಸುತ್ತಿನ ಗುಡ್ಡಗಳಲ್ಲಿ ನಡೆದು ಕಲ್ಲಿನ ಚೂರು ಆಯ್ದರು, ಊರಾಚೆಯ ಅಮ್ಮನವರ ಗುಡಿಗಳ ಮುಂದೆ ಕೂತರು. ರಾಜರ ವಂಶಾವಳಿಯೇ ಇತಿಹಾಸ ಎಂದುಕೊಂಡಿದ್ದ ಪಂಡಿತರಿಗೆ 1956ರ ಅವರ ಪುಸ್ತಕ ನೇಗಿಲು ತೋರಿಸಿತು. (ಜಾತಿಯನ್ನು ವರ್ಗದಲ್ಲಿ ಸಲೀಸಾಗಿ ಕರಗಿಸುತ್ತಾರೆ ಎಂಬ ನಮ್ಮ ತಕರಾರು ಹಾಗೇ ಇದೆ, ಅದು ಬೇರೆ ಜಗಳ.) ಇಂಥವರೇ 1959ರಲ್ಲಿ ಗಣಿತದ ದೊಡ್ಡ ಒಗಟಾದ ರೀಮಾನ್ ಊಹೆಯನ್ನು ಸಾಧಿಸಿದೆ ಎಂದು ಬರೆದರು. ಸಾಧನೆ ನಿಲ್ಲಲಿಲ್ಲ. ಗಣಿತದಲ್ಲಿ ಒಂದು ಸಾಲು ತಪ್ಪಿದರೆ ಇಡೀ ಮನೆ ಬೀಳುತ್ತದೆ. ಇತಿಹಾಸದಲ್ಲಿ ಒಂದು ಕಂಬ ಮುರಿದರೂ ಉಳಿದವು ಹೊರುತ್ತವೆ. ಇದರಿಂದ ಒಂದು ಶ್ರೇಷ್ಠ, ಇನ್ನೊಂದು ಕನಿಷ್ಠ ಆಗುವುದು ಹೇಗೆ?

ತಪ್ಪಿಗೆ ತೆರಬೇಕಾದ ದಂಡವಂತೂ ಸಮನಲ್ಲ. ಗಣಿತದವನು ಸೋತರೆ ನಗುತ್ತಾರೆ, ಅಷ್ಟೆ. ವಚನಗಳ ಓಲೆಗರಿ, ಶಾಸನಗಳ ನಡುವೆ ಬದುಕಿದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ತಮ್ಮ ಬರಹವನ್ನು ಹಿಂದಕ್ಕೆ ಪಡೆಯಬೇಕಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಮಾನವಿಕ ವಿಷಯ 'ಸುಲಭ' ಎನ್ನುವವರು ಇದನ್ನು ನೆನೆಯಲಿ.

ಪ್ರಯೋಗ ಎಂದರೆ ಪ್ರನಾಳ, ಗಾಜು, ಬೆಂಕಿ ಎಂದೇ ನಾವು ತಿಳಿದಿದ್ದೇವೆ. ಹಳ್ಳಿಯ ಮೇಷ್ಟರುಗಳು ಈ ಭಾಗವನ್ನು ಸ್ವಲ್ಪ ನಿಧಾನ ಓದಬೇಕು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳ 642 ಹುಡುಗರನ್ನು ಕೂರಿಸಿ, ದಾರಿ ಹುಡುಕುವ ಚಿತ್ರ-ಒಗಟುಗಳನ್ನು ಕೊಟ್ಟರು. ಅರ್ಧ ಮೇಲ್ಜಾತಿಯವರು, ಅರ್ಧ ದಲಿತರು, ಆರು ಏಳನೇ ಕ್ಲಾಸಿನವರು. ಬಿಡಿಸಿದ ಒಗಟಿಗೆ ಇಷ್ಟು ಎಂದು ದುಡ್ಡು. ಜಾತಿ ಎತ್ತದೆ ಕೂರಿಸಿದಾಗ ಇಬ್ಬರೂ ಸರಿಸುಮಾರು ಸಮ. ಇನ್ನೊಂದು ಸಲ ಬೇರೆ ಹುಡುಗರನ್ನು ಕೂರಿಸಿ, ಹೆಸರು, ಊರು, ಅಪ್ಪ, ತಾತ, ಕೊನೆಗೆ ಜಾತಿ, ಎಲ್ಲವನ್ನೂ ಎಲ್ಲರೆದುರು ಕೂಗಿ ಹೇಳಿದರು. ದಲಿತ ಹುಡುಗರು ಬಿಡಿಸಿದ ಒಗಟುಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಅದೇ ವಯಸ್ಸು, ಅದೇ ಒಗಟು, ಅದೇ ಬೆಂಚು. ಬದಲಾದದ್ದು ಒಂದು ಕೂಗು. 2004ರಲ್ಲಿ ಹೊರಬಂದ ಈ ಕೆಲಸವನ್ನು ಓದಿದ ಮೇಲೆ, ಸ್ಕಾಲರ್‌ಶಿಪ್ಪಿನ ಪಟ್ಟಿ ಹಿಡಿದು 'ಎಸ್ಸಿ, ಎಸ್ಟಿ ಮಕ್ಕಳೆಲ್ಲಾ ಎದ್ದು ನಿಲ್ರೋ' ಎನ್ನುವ ಮೇಷ್ಟರಿಗೆ ತಾವು ಏನು ಮಾಡುತ್ತಿದ್ದೇವೆ ಎಂಬುದು ಗೊತ್ತಿಲ್ಲ ಎನ್ನುವ ಹಾಗಿಲ್ಲ.

ಇಂಥದ್ದೇ ಇನ್ನೊಂದು. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿಸಿದರು. ಓದು, ಅನುಭವ ಒಂದೇ ತೂಕ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹೆಸರಿಗೆ ಕರೆ ಬರುವ ಸಂಭವ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಇದು ಪ್ರಕಟವಾದದ್ದು 2007ರಲ್ಲಿ. 'ಪ್ರತಿಭೆ, ಪ್ರತಿಭೆ' ಎಂದು ಬಡಿದುಕೊಳ್ಳುವವರಿಗೆ ಭಾಷಣದಿಂದ ಕೊಡಲಾಗದ ಉತ್ತರವನ್ನು ಅಂಚೆ ಲಕೋಟೆಗಳು ಕೊಟ್ಟವು.

ಇನ್ನು ಜೀವಕೋಶದೊಳಗಿನ ಸಾಕ್ಷಿ. 2013ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರೂ ಹಾರ್ವರ್ಡಿನವರೂ ಸೇರಿ, ಉಪಖಂಡದ 73 ಗುಂಪುಗಳ 571 ಜನರ ವಂಶವಾಹಿಗಳನ್ನು ಓದಿದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಇಲ್ಲಿನ ಜನ ವ್ಯಾಪಕವಾಗಿ ಬೆರೆತಿದ್ದರು, ಆಮೇಲೆ ಬೆರೆಯುವುದು ನಿಂತಿತು. ಬೆರಕೆಯಾಗದ ಶುದ್ಧ ಜಾತಿ ಎಂಬುದು ಸುಳ್ಳು. ಬೆರೆಯುತ್ತಿದ್ದ ಸಮಾಜದ ಮೇಲೆ ಒಳಗೊಳಗೇ ಮದುವೆಯ ಬೀಗ ಬಿತ್ತು ಎಂದು 1916ರಲ್ಲಿ ಬರೀ ತರ್ಕದಿಂದ ಹೇಳಿದ ಮಾತಿನ ಕಡೆಗೇ ಈ ಸಾಕ್ಷಿ ವಾಲುತ್ತದೆ. ಆದರೆ ನಾವು ವಿಜ್ಞಾನಕ್ಕೆ ಅಡ್ಡ ಬೀಳುವವರಲ್ಲ. ಇದೇ ವಿಜ್ಞಾನದ ಹೆಸರಿನಲ್ಲಿ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ನಮ್ಮ ಮೂಗುಗಳನ್ನು ಅಳೆದು, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಸಾರಿದ್ದ. ಮೂಗಿನ ಅಳತೆಯನ್ನೇ ಎತ್ತಿಕೊಂಡು ಅಂಬೇಡ್ಕರರು 1948ರಲ್ಲಿ ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಜನಾಂಗವಲ್ಲ ಎಂದು ವಾದಿಸಿದರು. ಅಂಕಿಗಳು ತಾವಾಗಿ ಮಾತಾಡುವುದಿಲ್ಲ, ಕೇಳಿದವನ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಇಷ್ಟಾದ ಮೇಲೆ ನಮ್ಮವರೇ ಕೆಲವರು ಹೇಳುವುದುಂಟು: ಹಾಗಾದರೆ ಬಿಡ್ರಿ, ನಮ್ಮ ಮಕ್ಕಳು ಯಾವ ವಿಭಾಗಕ್ಕೆ ಹೋದರೂ ಜಾತಿಯನ್ನೇ ಸಂಶೋಧಿಸಲಿ. ಈ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ. ಢಾಕಾ ಸೀಮೆಯ ಹಳ್ಳಿಯೊಂದರ ಬಡ ಅಂಗಡಿಯವನ ಮಗ ಮೇಘನಾದ ಸಾಹಾ. ಕಲ್ಕತ್ತೆಯ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಊಟಕ್ಕೆ ಜತೆಗೆ ಕೂರಿಸಿಕೊಳ್ಳಲಿಲ್ಲ. 1920ರಲ್ಲಿ ಆತ ಬರೆದ ಸಮೀಕರಣ, ನಕ್ಷತ್ರದ ಬೆಳಕಿನ ಪಟ್ಟೆಗಳನ್ನು ನೋಡಿ ಅದರ ಶಾಖವನ್ನೂ ಅದರಲ್ಲಿರುವ ಧಾತುಗಳನ್ನೂ ಓದುವ ದಾರಿ ತೆರೆಯಿತು. ಅದನ್ನು ಬಳಸಿ 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಹೆಣ್ಣುಮಗಳು ನಕ್ಷತ್ರಗಳಲ್ಲಿ ಬಹುಪಾಲು ಜಲಜನಕವೇ ಇದೆ ಎಂದು ಕಂಡಳು. ಸಾಹಾನಿಗೆ ಯಾರಾದರೂ 'ನಿಮ್ಮ ಜಾತಿಯ ಅಂಗಡಿ ವ್ಯಾಪಾರದ ಮೇಲೆ ಮಾಡಪ್ಪ, ಸುಲಭ' ಎಂದು ಹೇಳಿ ಒಪ್ಪಿಸಿದ್ದರೆ? ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರದಲ್ಲೇ 1933ರಲ್ಲಿ ಸಿ.ವಿ. ರಾಮನ್ ಅವರು ಕಮಲಾ ಭಾಗವತರನ್ನು, ಮುಂದೆ ಕಮಲಾ ಸೊಹೋನಿ ಆದವರನ್ನು, ಹೆಣ್ಣು ಎಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. ಆಕೆ ಜಗಳವಾಡಿ, ಷರತ್ತಿನ ಮೇಲೆ ಒಳಗೆ ಹೋದರು, 1939ರಲ್ಲಿ ಕೇಂಬ್ರಿಜ್ಜಿನ ಪಿಎಚ್.ಡಿ. ಪಡೆದರು. ಬಾಗಿಲು ಯಾವುದೇ ಆದರೂ ಕಾವಲುಗಾರರ ಮಾತು ಒಂದೇ: ಇದು ನಿನ್ನ ಕೆಲಸವಲ್ಲ.

ಹೊಟ್ಟೆಗೆ ಆಗದ, ಹೋರಾಟಕ್ಕೂ ನೇರವಾಗಿ ಬಾರದ ಪ್ರಶ್ನೆಯನ್ನು ಕೇಳುವ ಹಕ್ಕೂ ನಮ್ಮದು. ಅವಿಭಾಜ್ಯ ಸಂಖ್ಯೆಗಳ ಮೇಲೆ, ಕಪ್ಪೆಯ ಕೂಗಿನ ಮೇಲೆ, ಹಳಗನ್ನಡದ ಒಂದು ಪ್ರತ್ಯಯದ ಮೇಲೆ ಹತ್ತು ವರ್ಷ ಕೂರುವ ಹಕ್ಕು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಮೊದಲು ಜೀವವಿಜ್ಞಾನಕ್ಕೆ ಸೇರಿ ಆಮೇಲೆ ಸಮಾಜವಿಜ್ಞಾನಕ್ಕೆ ಬಂದ ರೋಹಿತ್ ವೇಮುಲನಿಗೆ ಕಾರ್ಲ್ ಸಗಾನನ ಹಾಗೆ ವಿಜ್ಞಾನ ಬರೆಯುವ ಆಸೆಯಿತ್ತು. 2015ರ ಜುಲೈನಿಂದ ಫೆಲೋಶಿಪ್ಪಿನ ಹಣ ಬರಲಿಲ್ಲ. 2016ರ ಜನವರಿ 17ರಂದು ಆತ ಇಲ್ಲವಾದ.

ಈ ಪತ್ರಿಕೆಯನ್ನು ಓದುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ನೀವು ಮಾರ್ಗದರ್ಶಕರ ಬಳಿಗೆ ಯಾವ ವಿಷಯ ಹಿಡಿದುಕೊಂಡು ಹೋದಿರಿ, ಹೊರಗೆ ಬರುವಾಗ ಯಾವ ವಿಷಯ ನಿಮ್ಮ ಕೈಯಲ್ಲಿತ್ತು, ಎರಡನ್ನೂ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಹೆಸರು ಬೇಡ, ವಿಭಾಗ ಮತ್ತು ವರ್ಷ ಸಾಕು. ಎರಡು ಕಾಲಂ ಮಾಡಿ, ಒಂದಕ್ಕೊಂದು ಎದುರು, ಹಾಗೇ ಅಚ್ಚು ಹಾಕುತ್ತೇವೆ.