ಎರಡು ಜಡೆಗಳ ಯುದ್ಧ

ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎನ್ನುವ ಗಾದೆ ನಮ್ಮದು. ಅದರ ಹಿಂದಿರುವ ನಂಬಿಕೆ ಮಾತ್ರ ನಮ್ಮೊಬ್ಬರದಲ್ಲ. 1985ರಲ್ಲಿ ಅಮೆರಿಕದ ಫಿಲ್ಮೇಶನ್ ಸ್ಟುಡಿಯೊದ 'ಶೀ-ರಾ' ಕಾರ್ಟೂನ್ ಟಿವಿಗೆ ಬಂತು. ಜೊತೆಗೇ ಮ್ಯಾಟೆಲ್ ಕಂಪನಿಯ ಗೊಂಬೆಗಳೂ ಅಂಗಡಿಗೆ ಬಂದವು. ಬಾಚಲು ಉದ್ದನೆಯ ಕೂದಲು, ಅದಕ್ಕೊಂದು ಪುಟ್ಟ ಬಾಚಣಿಗೆ. ನಾಯಕಿಯ ವೈರಿ ಕ್ಯಾಟ್ರಾಳ ಪೊಟ್ಟಣದ ಮೇಲೆ ಅವಳು ಅಸೂಯೆಯ ಚೆಲುವೆ ಎಂದೇ ಅಚ್ಚು ಹಾಕಿದ್ದರು. ಇಬ್ಬರು ಹೆಂಗಸರು ಕಾದಾಡಲು ಇದಕ್ಕಿಂತ ದೊಡ್ಡ ಕಾರಣ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಕಾದಾಟವಾದರೂ ಎಂಥದು? ಆ ಕಾಲದ ಮಕ್ಕಳ ಟಿವಿಯ ಕಟ್ಟುಪಾಡಿನಲ್ಲಿ ಎದುರಾಳಿಯನ್ನು ಎತ್ತಿ ಎಸೆಯಬಹುದಿತ್ತು, ಗುದ್ದುವಂತಿರಲಿಲ್ಲ. ಕತ್ತಿ ಇತ್ತು, ಮೈಗೆ ತಾಗುವಂತಿರಲಿಲ್ಲ.

ಅಲ್ಲಿಂದ ಈ ಪರಂಪರೆ ಬಹಳ ದೂರ ಬಂದಿದೆ. ಆನಿಮೇಷನ್ ಧಾರಾವಾಹಿಗಳ ಹೆಣ್ಣುಗಳು ಈಗ ಹೊಡೆಯುತ್ತಾರೆ, ಹೊಡೆಸಿಕೊಳ್ಳುತ್ತಾರೆ, ಮೂಗಿನಿಂದ ರಕ್ತ ಸುರಿಸುತ್ತಾರೆ. ಆದರೆ ಸೋತವಳನ್ನು ಏನು ಮಾಡಬೇಕು ಎಂಬುದು ಬರೆಯುವವರಿಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಎಂಬುದು ನನ್ನ ತಕರಾರು.

ಹೊಡೆತ ಮೊದಲು ಗಟ್ಟಿಯಾದದ್ದು ಜಪಾನಿನಲ್ಲಿ. 2004ರಲ್ಲಿ ತೊಯೆ ಸಂಸ್ಥೆ 'ಪ್ರಿಟಿ ಕ್ಯೂರ್' ಶುರುಮಾಡಿದಾಗ ನಿರ್ಮಾಪಕ ವಾಶಿಯೊ ತಕಾಶಿ ಅವರ ಯೋಚನೆ ಸರಳವಾಗಿತ್ತು: ಹುಡುಗಿಯರಿಗೂ ರಂಪ ಮಾಡುವ ಆಸೆ ಇರುತ್ತದೆ. ನಿರ್ದೇಶನಕ್ಕೆ ಅವರು ಕರೆತಂದದ್ದು 'ಡ್ರ್ಯಾಗನ್ ಬಾಲ್ ಝಡ್' ಮಾಡಿದ್ದ ನಿಶಿಯೊ ದೈಸುಕೆ ಅವರನ್ನು. ಅಲ್ಲಿಯವರೆಗೆ ಮಾಯಾದಂಡ ಬೀಸಿ ಬೆಳಕು ಚೆಲ್ಲುತ್ತಿದ್ದ ಹುಡುಗಿಯರು ಫ್ರಿಲ್ಲಿನ ಲಂಗದಲ್ಲೇ ಮುಷ್ಟಿ ಬಿಗಿದರು. ಆದರೂ ಎದುರಿಗೆ ಇರುತ್ತಿದ್ದದ್ದು ಹೆಚ್ಚಾಗಿ ರಾಕ್ಷಸ ಆಕೃತಿ. ಹುಡುಗಿಯ ಮುಂದೆ ಹುಡುಗಿಯೇ ನಿಂತಾಗ ಏನಾಗುತ್ತದೆ ಎಂಬುದಕ್ಕೆ 2009ರ 'ಫ್ರೆಶ್ ಪ್ರಿಟಿ ಕ್ಯೂರ್' ನೋಡಬೇಕು. ಮಳೆಯಲ್ಲಿ ನಾಯಕಿ ಪೀಚ್ ಮತ್ತು ವೈರಿ ಪಾಳಯದ ಈಸ್ ಒಬ್ಬರನ್ನೊಬ್ಬರು ಸುಸ್ತಾಗುವವರೆಗೆ ಬಡಿಯುತ್ತಾರೆ. ಕೊನೆಗೆ ಈಸ್ ಸತ್ತು, ಮರುಹುಟ್ಟು ಪಡೆದು ನಾಯಕಿಯ ಪಾಳಯಕ್ಕೇ ಸೇರುತ್ತಾಳೆ. ಸೋತವಳನ್ನು ಗೆಳತಿ ಮಾಡಿಕೊಳ್ಳುವ ಈ ಪರಿಹಾರ ಮುಂದೆ ಚಟವೇ ಆಗಿಬಿಟ್ಟಿತು.

'ನರುಟೊ'ದ ಸಕುರಾ–ಇನೊ ಕಾಳಗದ ಕತೆ ಬೇರೆ. ಬಾಲ್ಯದ ಗೆಳತಿಯರು, ಒಬ್ಬ ಹುಡುಗನ ಸಲುವಾಗಿ ದೂರವಾದವರು. ಇನೊ ತನ್ನ ಕೂದಲನ್ನು ತಾನೇ ಕತ್ತರಿಸಿ ನೆಲಕ್ಕೆ ಚೆಲ್ಲುತ್ತಾಳೆ. ಸಿಟ್ಟು ನೆತ್ತಿಗೇರಿದೆ ಎಂದು ನಾವು ನಂಬಿರುತ್ತೇವೆ. ಮರುಕ್ಷಣ ಅದೇ ಕೂದಲು ಹಗ್ಗವಾಗಿ ಸಕುರಾಳ ಕಾಲು ಕಟ್ಟುತ್ತದೆ. ಬುದ್ಧಿವಂತ ದೃಶ್ಯ. ಆದರೆ ಫಲಿತಾಂಶ? ಇಬ್ಬರೂ ಒಟ್ಟಿಗೆ ಗುದ್ದಿ ಒಟ್ಟಿಗೆ ಬೀಳುತ್ತಾರೆ, ಇಬ್ಬರೂ ಆ ಕಾಳಗ ನಡೆದ ನಿಂಜಾ ಪರೀಕ್ಷೆಯಿಂದ ಹೊರಗೆ. ಸಮಬಲ ಎಂದರೆ ಇಲ್ಲಿ ಗೌರವವಲ್ಲ, ಮುಂದಿನ ಸುತ್ತಿನಲ್ಲಿ ಇವರ ಅಗತ್ಯ ಕತೆಗಾರನಿಗೆ ಇರಲಿಲ್ಲ, ಅಷ್ಟೆ.

ಈ ಪರಂಪರೆಯ ಶಿಖರ ಎಂದು ಸಾಮಾನ್ಯವಾಗಿ ಬೆರಳು ತೋರಿಸುವುದು 'ಅವತಾರ್: ದ ಲಾಸ್ಟ್ ಏರ್‌ಬೆಂಡರ್' ಕಡೆಗೆ. 2005ರಿಂದ 2008ರವರೆಗೆ ನಿಕೆಲೋಡಿಯನ್‌ನಲ್ಲಿ ಬಂದ ಈ ಧಾರಾವಾಹಿಗೆ ಸಿಫು ಕಿಸು ಎಂಬ ಸಮರಕಲೆಯ ಗುರುವೇ ಸಲಹೆಗಾರ. ನೀರಿನ ಪಟ್ಟುಗಳಿಗೆ ತೈ ಚಿ, ಬೆಂಕಿಗೆ ಉತ್ತರದ ಶಾವೊಲಿನ್. ಹಾಗಾಗಿ ನೀರನ್ನು ಆಡಿಸುವ ಕಟಾರಾ ಮತ್ತು ಬೆಂಕಿಯನ್ನು ಆಡಿಸುವ ರಾಜಕುಮಾರಿ ಅಜುಲಾ ಎದುರುಬದುರಾದಾಗ ಎರಡು ಸ್ವಭಾವಗಳು ಮೈಯಲ್ಲೇ ಕಾಣುತ್ತವೆ. ಒಬ್ಬಳು ಎದುರಾಳಿಯ ಬಲವನ್ನು ಬಳಸಿ ಜಾರುತ್ತಾಳೆ, ಇನ್ನೊಬ್ಬಳು ನೇರ ನುಗ್ಗುತ್ತಾಳೆ. ಕೊನೆಯ ಕಾಳಗದಲ್ಲಿ ಜೆರೆಮಿ ಝುಕರ್‌ಮನ್ ಅವರ ಸಂಗೀತ ರಣವಾದ್ಯವನ್ನು ಬದಿಗಿಟ್ಟು ಶೋಕದ ಧಾಟಿ ಹಿಡಿಯುತ್ತದೆ. ಕಟಾರಾ ಅಜುಲಾಳನ್ನು ನೀರಿನ ಕಾಲುವೆಯ ಜಾಲರಿಯ ಮೇಲಕ್ಕೆ ಸೆಳೆದುತಂದು ಇಬ್ಬರನ್ನೂ ಒಟ್ಟಿಗೇ ಹಿಮಗಟ್ಟಿಸುತ್ತಾಳೆ. ಬಳಿಕ ತನ್ನ ಸುತ್ತ ಮಾತ್ರ ಕರಗಿಸಿಕೊಂಡು, ವೈರಿಯ ಕೈಗಳನ್ನು ಸರಪಳಿಯಿಂದ ಜಾಲರಿಗೆ ಬಿಗಿಯುತ್ತಾಳೆ. ಅದ್ಭುತ ಯೋಚನೆ, ಅನುಮಾನವಿಲ್ಲ.

ಆದರೆ ಆ ಗೆಲುವಿಗೆ ಮೊದಲು ಬರಹಗಾರರು ಮಾಡಿಟ್ಟ ಸಿದ್ಧತೆ ನೋಡಿ. ಅಜುಲಾ ಸೇವಕಿಯರನ್ನು ಓಡಿಸುತ್ತಾಳೆ, ಕನ್ನಡಿಯಲ್ಲಿ ತಾಯಿಯನ್ನು ಕಾಣುತ್ತಾಳೆ, ಹಟಮಾರಿ ಕೂದಲನ್ನು ಕತ್ತರಿಯಿಂದ ತುಂಡರಿಸುತ್ತಾಳೆ. ಕಣಕ್ಕಿಳಿಯುವ ಹೊತ್ತಿಗೆ ಅವಳು ಅರ್ಧ ಸೋತಾಗಿದೆ. ಅಣ್ಣ ಝುಕೋ ಮೊದಲು ಒಂಟಿಯಾಗಿ ಎದುರಿಸಲು ಒಪ್ಪುವುದೂ ಅವಳ ಸ್ಥಿತಿ ಕೆಟ್ಟಿರುವುದನ್ನು ಕಂಡ ಮೇಲೆಯೇ. ಅವಳ ಅಪ್ಪ ಒಝೈ ತನ್ನ ಶಕ್ತಿ ಕಳೆದುಕೊಂಡು ಸೆರೆಮನೆ ಸೇರಿದ ಮೇಲೂ ತಿರಸ್ಕಾರದ ನಗೆ ಬಿಡುವುದಿಲ್ಲ. ಮಗಳು ಮಾತ್ರ ನೆಲಕ್ಕೆ ಬಿದ್ದು ಗೋಳಾಡಬೇಕು. ಕ್ರೂರ ಗಂಡಸಿಗೆ ಸೋಲು ಬರುತ್ತದೆ, ಕ್ರೂರ ಹೆಂಗಸಿಗೆ ಹುಚ್ಚು ಹಿಡಿಯುತ್ತದೆ. ಈ ಲೆಕ್ಕಾಚಾರ ನಮ್ಮ ಸಂಜೆಯ ಧಾರಾವಾಹಿಗಳ ವಿಲನ್ ಅತ್ತೆಯರಿಗೆ ಅಪರಿಚಿತವಲ್ಲ. ತನ್ನ ಕಣ್ಣೆದುರೇ ಕಥಾನಾಯಕ ಆಂಗನಿಗೆ ಸಿಡಿಲು ಹೊಡೆದವಳು ಇವಳು ಎಂಬ ಬಾಕಿ ಕಟಾರಾಳದ್ದಿತ್ತಲ್ಲ? ಅದರ ಬಗ್ಗೆ ಆ ಕೊನೆಯ ಕಾಳಗದಲ್ಲಿ ಒಂದು ಮಾತೂ ಇಲ್ಲ.

ನನ್ನನ್ನು ಕೇಳಿದರೆ ಅದೇ ಧಾರಾವಾಹಿಯ ಅತ್ಯುತ್ತಮ ಕಾಳಗ 'ಬಾಯ್ಲಿಂಗ್ ರಾಕ್' ಕಂತಿನದು. ಅದು ಮುಗಿಯಲು ಒಂದೆರಡು ಕ್ಷಣ ಸಾಕು. ಝುಕೋನನ್ನು ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಬಿಟ್ಟ ಗೆಳತಿ ಮೇ, ಅಜುಲಾಳ ಎದುರು ಚೂರಿ ಹಿಡಿದು ನಿಲ್ಲುತ್ತಾಳೆ. ನಿನ್ನ ಭಯಕ್ಕಿಂತ ಅವನ ಮೇಲಿನ ಪ್ರೀತಿ ದೊಡ್ಡದು ಎಂಬರ್ಥದ ಮಾತು ಆಗಿದೆ. ಇಬ್ಬರೂ ಕೈ ಎತ್ತಿದ್ದಾರೆ. ಅಷ್ಟರಲ್ಲಿ ಅಲ್ಲಿಯವರೆಗೆ ಸದಾ ನಗುತ್ತ ಅಜುಲಾಳ ಹಿಂದೆ ನಡೆಯುತ್ತಿದ್ದ ಟೈ ಲೀ ಬದಿಯಿಂದ ಬಂದು ಅಜುಲಾಳ ಮೈಯ ಮರ್ಮಗಳಿಗೆ ಕುಟ್ಟುತ್ತಾಳೆ. ರಾಜಕುಮಾರಿ ಕುಸಿಯುತ್ತಾಳೆ. ಬೆಂಕಿಯಿಲ್ಲ, ಸಿಡಿಲಿಲ್ಲ. ಮೂವರು ಗೆಳತಿಯರ ನಡುವೆ ವರ್ಷಗಳಿಂದ ಯಾರು ಯಾರಿಗೆ ಹೆದರುತ್ತಿದ್ದರು ಎಂಬುದೆಲ್ಲ ಆ ಕುಟ್ಟಿನಲ್ಲಿ ಬಯಲಾಗುತ್ತದೆ.

ಇನ್ನೊಂದು ಹಳೆಯ ರೂಢಿಯನ್ನೂ ಹೇಳಬೇಕು. ದೊಡ್ಡ ಯುದ್ಧದ ದೃಶ್ಯ ಬಂದರೆ ಸಾಕು, ಮದುವೆಮನೆಯ ಪಂಕ್ತಿಯಂತೆ ಗಂಡಸರು ಆ ಕಡೆ, ಹೆಂಗಸರು ಈ ಕಡೆ. ನಾಯಕನ ತಂಡದ ಒಬ್ಬಳೇ ಹುಡುಗಿಗೆ ಖಳನ ತಂಡದ ಒಬ್ಬಳೇ ಹುಡುಗಿ ಜೋಡಿ. ಗಂಡಸು ಹೆಂಗಸಿಗೆ ಹೊಡೆದಂತೆ ಕಾಣಬಾರದು ಎಂಬ ಸಂಕೋಚವೇ ಇದಕ್ಕೆ ಕಾರಣ ಎಂದು ನನ್ನ ಗುಮಾನಿ. ಅವತಾರ್ ಇದನ್ನು ಬಹುಮಟ್ಟಿಗೆ ಮೀರಿತು. ಅಜುಲಾ ಅಣ್ಣನನ್ನೂ ಬಿಡಲಿಲ್ಲ, ಚಿಕ್ಕ ಹುಡುಗ ಆಂಗನನ್ನೂ ಬಿಡಲಿಲ್ಲ. ಜಪಾನಿನ 'ಕಿಲ್ ಲಾ ಕಿಲ್' ಕೂಡ ಮೀರಿತು. ಅಲ್ಲಿ ಕ್ಯಾಮೆರಾ ಮಾತ್ರ ಹೊಡೆತಕ್ಕಿಂತ ಬಟ್ಟೆಯ ಕೊರತೆಯನ್ನೇ ಹೆಚ್ಚು ನೋಡುತ್ತದೆ.

2018ರಲ್ಲಿ 'ಶೀ-ರಾ' ನೆಟ್‌ಫ್ಲಿಕ್ಸ್‌ನಲ್ಲಿ ಹೊಸದಾಗಿ ಹುಟ್ಟಿದಾಗ ಕ್ಯಾಟ್ರಾಳ ಅಸೂಯೆಗೆ ಬಾಲ್ಯವೊಂದು ದೊರಕಿತು. ಮೊದಲ ಭಾಗದ ಒಂದು ಕಂತಿನಲ್ಲಿ ಅವಳೂ ನಾಯಕಿ ಅಡೋರಾಳೂ ತಮ್ಮದೇ ಬಾಲ್ಯದ ನೆನಪುಗಳ ನಡುವೆ ಕಾದಾಡುತ್ತಾರೆ. ಪ್ರಪಾತದ ಅಂಚಿನಲ್ಲಿ ನೇತಾಡುವ ಅಡೋರಾಳನ್ನು ಕ್ಯಾಟ್ರಾ ಕೈಹಿಡಿದು ಎತ್ತುವುದಿಲ್ಲ. ಆ ನಿರಾಕರಣೆ ಎದೆಗೆ ಚುಚ್ಚುತ್ತದೆ. ಆದರೆ 2020ರಲ್ಲಿ ಕತೆ ಮುಗಿಯುವುದು ಅವರ ಪ್ರೀತಿಯಲ್ಲಿ. 'ಲೆಜೆಂಡ್ ಆಫ್ ಕೊರಾ'ದಲ್ಲಿ ಕೊರಾ ತನ್ನ ಎದುರಾಳಿ ಕುವೀರಾಳನ್ನು ಸಾವಿನಿಂದ ಕಾಪಾಡಿ, ನಿನ್ನಲ್ಲಿ ನನ್ನನ್ನೇ ಕಂಡೆ ಎನ್ನುವ ಧಾಟಿಯಲ್ಲಿ ಮಾತಾಡುತ್ತಾಳೆ. ಎರಡೂ ಚೆನ್ನಾಗಿಯೇ ಬರೆದ ಮುಕ್ತಾಯಗಳು. ಆದರೆ ಸಾಲಾಗಿ ಇಟ್ಟು ನೋಡಿದರೆ ಬೇಸರ ಹತ್ತುತ್ತದೆ. ಹೆಣ್ಣಿಗೆ ಹೆಣ್ಣು ವೈರಿಯಾದರೆ ಒಂದೋ ಅವಳಿಗೆ ಬುದ್ಧಿಭ್ರಮಣೆ, ಇಲ್ಲವೇ ಅಪ್ಪುಗೆ. ಸುಮ್ಮನೆ ವೈರಿಯಾಗಿ ಉಳಿಯಲು ಇವರಿಗೆ ಅನುಮತಿಯೇ ಇಲ್ಲವೆ? ಜಪಾನಿನ 'ಉಟೆನಾ' 1997ರಲ್ಲೇ ಇದಕ್ಕಿಂತ ನಿಷ್ಠುರವಾಗಿತ್ತು. ಕೊನೆಯ ದ್ವಂದ್ವದಲ್ಲಿ ಉಟೆನಾಳನ್ನು ಹಿಂದಿನಿಂದ ಇರಿಯುವವಳು, ಅವಳು ಯಾರನ್ನು ಬಿಡಿಸಲು ಹೋರಾಡುತ್ತಿದ್ದಳೋ ಆ ಆಂಥಿಯೇ.

ಈ ಜಾಡಿನಿಂದ ಹೊರಬಿದ್ದದ್ದು ಫ್ರಾನ್ಸಿನ ಫೋರ್ಟಿಷ್ ಸ್ಟುಡಿಯೊ ಮಾಡಿದ 2021ರ 'ಆರ್ಕೇನ್'. ಅದರ ಅಕ್ಕ-ತಂಗಿ ವೈ ಮತ್ತು ಜಿಂಕ್ಸ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ವೈ ಮತ್ತು ಅವಳ ಎದುರಾಳಿ ಸೆವಿಕಾ. ಇಬ್ಬರಿಗೂ ಭುಜವಿದೆ, ತೂಕವಿದೆ. ಮೊದಲ ಸಲ ಸೆವಿಕಾ ಗೆದ್ದು ವೈಯ ಪಕ್ಕೆಗೆ ಗಾಯ ಮಾಡುತ್ತಾಳೆ. ಮತ್ತೊಮ್ಮೆ ಹೆಂಡದಂಗಡಿಯಲ್ಲಿ ಮೇಜುಗಳು ಪುಡಿಯಾಗುತ್ತವೆ, ಸೆವಿಕಾಳ ಯಂತ್ರದ ತೋಳು ಮುರಿಯುತ್ತದೆ. ಹುಡುಗನಿಲ್ಲ, ಬಾಲ್ಯದ ರಿಬ್ಬನ್ ಇಲ್ಲ. ಒಬ್ಬಳು ನಂಬಿದ ನಾಯಕನನ್ನು ಇನ್ನೊಬ್ಬಳು ದ್ರೋಹಿ ಎನ್ನುತ್ತಾಳೆ, ಜಗಳ ಇರುವುದು ಊರಿನ ಬಗ್ಗೆ. ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಎರಡನೆಯ ಭಾಗ ಮುಗಿಯುವಾಗ ಸೆವಿಕಾ ಗೆಳತಿಯೂ ಆಗಿಲ್ಲ, ಹುಚ್ಚಿಯೂ ಆಗಿಲ್ಲ. ನಗರದ ಆಡಳಿತ ಮಂಡಳಿಯ ಕುರ್ಚಿಯೊಂದರಲ್ಲಿ ಕೂತಿದ್ದಾಳೆ.