ಬಿಳಿ ತ್ಸಾರನ ಎದುರಿನಲ್ಲಿ ಮನಾಸ್: ರಷ್ಯಾದ ನೆರೆನೀತಿ ಮತ್ತು ಒಂದು ಮೌಖಿಕ ಮಹಾಕಾವ್ಯ

ರಷ್ಯಾ ಮತ್ತು ಅದರ ನೆರೆರಾಷ್ಟ್ರಗಳ ಏಕೀಕರಣವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಸುಂಕ, ಅನಿಲ, ಸೇನಾನೆಲೆಗಳನ್ನೇ ಚರ್ಚಿಸುತ್ತವೆ. ‘ಸಮಾನ ಚರಿತ್ರೆ’, ‘ಸಮಾನ ಪರಂಪರೆ’ ಎಂಬ ಮಾತುಗಳು ಪೀಠಿಕೆಯಲ್ಲಿ ಬಂದುಹೋಗುತ್ತವೆ. ಅವನ್ನು ಪರೀಕ್ಷೆಗೆ ಒಡ್ಡಿದವರು ವಿರಳ. ಇಂತಹ ಮಾತುಗಳು ಹುಟ್ಟುವ ಬಗೆಗೆ ಕಿರ್ಗಿಜ್ ಜನರ ಮಹಾಕಾವ್ಯ ‘ಮನಾಸ್’ನ ಸಂಗ್ರಹಚರಿತ್ರೆ ಒಳ್ಳೆಯ ಸಾಕ್ಷ್ಯವನ್ನು ಒದಗಿಸುತ್ತದೆ.

ಜರ್ಮನಿಯಲ್ಲಿ ಹುಟ್ಟಿ ರಷ್ಯನ್ ಸಾಮ್ರಾಜ್ಯದ ಸೇವೆಗೆ ಸೇರಿದ ವಿದ್ವಾಂಸ ರಾದ್ಲೋಫ್, 1862 ಮತ್ತು 1869ರಲ್ಲಿ ಸಂಗ್ರಹಿಸಿದ ಪಾಠಗಳನ್ನು 1885ರಲ್ಲಿ ಪ್ರಕಟಿಸಿದ. ಅದರ ಒಂದು ಭಾಗದಲ್ಲಿ ವೀರ ಮನಾಸ್ ಬಿಳಿ ತ್ಸಾರನ, ಅಂದರೆ ರಷ್ಯಾದ ಚಕ್ರವರ್ತಿಯ, ಗೆಳೆಯನಾಗಿ ಬರುತ್ತಾನೆ. ಇದಕ್ಕೆ ತನ್ನ ಹಾಜರಿಯೇ ಕಾರಣವೆಂದು ರಾದ್ಲೋಫ್ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಮನಾಸ್ ತ್ಸಾರನ ಎದುರಾಳಿಯಾದರೆ ರಷ್ಯನ್ ಅಧಿಕಾರಿ ಮುನಿದಾನೆಂದು ಹಾಡುಗಾರ ಅಳುಕಿದ್ದ. ಕೇಳುಗನನ್ನು ನೋಡಿ ಕಥೆಯನ್ನು ತಿರುಗಿಸುವುದು ಮೌಖಿಕ ಕಾವ್ಯದ ಸಹಜಗುಣ. ಕಂಸಾಳೆಯವರ, ನೀಲಗಾರರ ಹಾಡಿಕೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಆದುದರಿಂದ ಇದನ್ನು ಹುಸಿಯೆಂದು ತಳ್ಳಿಹಾಕುವುದು ಸಲ್ಲದು. ಅದು ಅಧಿಕಾರದ ಎದುರು ಕುಳಿತವನ ಎಚ್ಚರ. ಆದರೆ ಆ ಮುನ್ನುಡಿ ಕಳೆದುಹೋಗಿದ್ದರೆ ಈ ಸಾಲುಗಳು ‘ಪುರಾತನ ಸ್ನೇಹ’ದ ಆಧಾರವಾಗಿ ಎಷ್ಟು ಪ್ರಬಂಧಗಳಲ್ಲಿ ಉಲ್ಲೇಖಗೊಳ್ಳುತ್ತಿದ್ದವೋ ಊಹಿಸಬಹುದು.

ಸೋವಿಯತ್ ಕಾಲದಲ್ಲಿ ಕೇಳುಗನೂ ಬದಲಾದ, ಕೇಳುವ ರೀತಿಯೂ ಬದಲಾಯಿತು. 1951-52ರಲ್ಲಿ ‘ಕೊರ್ಕುತ್’, ‘ಅಲ್ಪಮಿಶ್’ ಮೊದಲಾದ ತುರ್ಕಿ ಭಾಷೆಗಳ ವೀರಕಾವ್ಯಗಳು ಪ್ರತಿಗಾಮಿಯೆಂಬ ಆಪಾದನೆಗೆ ಗುರಿಯಾದವು. 1952ರಲ್ಲಿ ಫ್ರುಂಜೆ ನಗರದಲ್ಲಿ, ಅಂದರೆ ಇಂದಿನ ಬಿಷ್ಕೆಕ್‌ನಲ್ಲಿ, ‘ಮನಾಸ್’ ನಿಜಕ್ಕೂ ಜನತೆಯ ಕಾವ್ಯವೇ ಎಂಬ ಬಗ್ಗೆ ಸಮಾವೇಶವೇ ನಡೆಯಿತು. ಕಜಾಕ್ ಲೇಖಕ ಮುಖ್ತಾರ್ ಔಎಜೊವ್ ಕಾವ್ಯದ ಪರ ನಿಂತರು. ಕಾವ್ಯ ಉಳಿಯಿತು, ಆದರೆ 1958-60ರಲ್ಲಿ ಅಚ್ಚಾದದ್ದು ಹಲವು ಪಾಠಗಳನ್ನು ಜೋಡಿಸಿ ಸಂಕ್ಷೇಪಿಸಿದ ರೂಪ. ಸಯಕ್ಬಾಯ್ ಕರಲಾಯೆವ್ ಒಬ್ಬನ ಪಾಠವೇ ಸುಮಾರು 5 ಲಕ್ಷ ಸಾಲುಗಳಷ್ಟಿರುವಾಗ, ಏನನ್ನು ಬಿಡಬೇಕೆಂಬುದು ಬರಿಯ ಸಂಪಾದನೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

1991ರ ನಂತರದ ಏಕೀಕರಣದ ಕಥೆ ಇಷ್ಟು ಸರಳವಲ್ಲ. ಯುರೇಷ್ಯಾ ಒಕ್ಕೂಟದ ಪ್ರಸ್ತಾಪವನ್ನು 1994ರಲ್ಲಿ ಮಾಸ್ಕೋದಲ್ಲಿ ಮುಂದಿಟ್ಟವರು ಕಜಾಕ್‌ಸ್ತಾನದ ನಜರ್‌ಬಾಯೆವ್. ಕೇವಲ ಮಾಸ್ಕೋದ ಹೇರಿಕೆಯೆಂದು ಬರೆಯುವವರು ಇದನ್ನು ಮರೆಯುತ್ತಾರೆ. ಆದರೆ 2014ರ ಮೇ 29ರಂದು ಅಸ್ತಾನಾದಲ್ಲಿ ಒಪ್ಪಂದಕ್ಕೆ ಸಹಿಬಿದ್ದಾಗ ಒಕ್ಕೂಟವು ‘ಆರ್ಥಿಕ’ವಾಗಿಯೇ ಇರಬೇಕೆಂದು ಪಟ್ಟುಹಿಡಿದದ್ದೂ ಕಜಾಕ್‌ಸ್ತಾನವೇ. ಅದೇ ಆಗಸ್ಟಿನಲ್ಲಿ ಪುಟಿನ್, ಹಿಂದೆಂದೂ ರಾಜ್ಯವಿರದ ನೆಲದಲ್ಲಿ ನಜರ್‌ಬಾಯೆವ್ ರಾಜ್ಯವನ್ನು ಕಟ್ಟಿದರೆಂದು ಹೊಗಳಿದರು. ಹೊಗಳಿಕೆಯೊಳಗಿನ ಮುಳ್ಳು ಚುಚ್ಚದೆ ಇರಲಿಲ್ಲ. 2015ರಲ್ಲಿ ಕಜಾಕ್‌ಸ್ತಾನ ತನ್ನ ಖಾನೇಟಿನ 550ನೆಯ ವರ್ಷವನ್ನು ಸಡಗರದಿಂದ ಆಚರಿಸಿತು.

ಕಿರ್ಗಿಜ್‌ಸ್ತಾನ 2015ರ ಆಗಸ್ಟಿನಲ್ಲಿ ಒಕ್ಕೂಟಕ್ಕೆ ಸೇರಿದ್ದು ಪರಂಪರೆಯ ಸೆಳೆತದಿಂದಲ್ಲ. ರಷ್ಯಾದಲ್ಲಿ ದುಡಿಯುವವರು ಕಳುಹಿಸುವ ಹಣ 2013ರ ಹೊತ್ತಿಗೆ ಆ ದೇಶದ ಒಟ್ಟು ಉತ್ಪನ್ನದ ಕಾಲುಭಾಗವನ್ನು ಮೀರಿತ್ತು. ಸದಸ್ಯರಾಷ್ಟ್ರದ ಕಾರ್ಮಿಕನಿಗೆ ಅಲ್ಲಿ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಚೀನಾದ ಸರಕನ್ನು ಮರುಮಾರಾಟ ಮಾಡುತ್ತಿದ್ದ ಬಿಷ್ಕೆಕ್‌ನ ದೊರ್ದೊಯ್ ಸಂತೆಗೆ ಸುಂಕದ ಗಡಿಯಿಂದ ಪೆಟ್ಟು ಬೀಳುವುದೆಂಬ ಆತಂಕ ಇದ್ದೇ ಇತ್ತು. ಸೇರಿದ ಮೇಲೂ ನೆನಪುಗಳು ಮಾಸ್ಕೋಗೆ ಒಗ್ಗುವಂತೆ ನಡೆದುಕೊಳ್ಳಲಿಲ್ಲ. ತ್ಸಾರನ ಆಡಳಿತದ ವಿರುದ್ಧ 1916ರಲ್ಲಿ ಎದ್ದ ದಂಗೆ ಮತ್ತು ಚೀನಾದತ್ತ ಬೆಟ್ಟಗಳನ್ನು ದಾಟಿ ಓಡಿದವರ ಸಾವುಗಳನ್ನು ಕಿರ್ಗಿಜ್ ಜನ ‘ಉರ್ಕುನ್’ ಎಂದು ನೆನೆಯುತ್ತಾರೆ. 2017ರಲ್ಲಿ ಅಕ್ಟೋಬರ್ ಕ್ರಾಂತಿಯ ರಜಾದಿನವಾದ ನವೆಂಬರ್ 7ನ್ನು ಅಲ್ಲಿನ ಸರ್ಕಾರ ಚರಿತ್ರೆಯ ಹಾಗೂ ಪೂರ್ವಜರ ಸ್ಮರಣೆಯ ದಿನವನ್ನಾಗಿ ಮಾರ್ಪಡಿಸಿತು.

2022ರ ಮಾರ್ಚ್ 2ರಂದು ಉಕ್ರೇನಿನ ಮೇಲಿನ ಆಕ್ರಮಣವನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ, ಒಕ್ಕೂಟದ ಸದಸ್ಯರಲ್ಲಿ ರಷ್ಯಾದ ಜೊತೆ ನಿಂತದ್ದು ಬೆಲಾರುಸ್ ಮಾತ್ರ. ಕಜಾಕ್‌ಸ್ತಾನ, ಕಿರ್ಗಿಜ್‌ಸ್ತಾನ, ಆರ್ಮೇನಿಯಾಗಳು ತಟಸ್ಥವಾಗಿ ಉಳಿದವು. ಈ ಮೌನವನ್ನು ಒಪ್ಪಿಗೆಯೆಂದು ಓದುವವರೂ ಇದ್ದಾರೆ, ಬಂಡಾಯವೆಂದು ಓದುವವರೂ ಇದ್ದಾರೆ. ಎರಡೂ ಕಡೆಯವರು ರಾದ್ಲೋಫನ ಮುನ್ನುಡಿಯನ್ನು ಒಮ್ಮೆ ತಿರುವಿಹಾಕುವುದು ಒಳಿತು.