ಒಕ್ಕಲೆಬ್ಬಿಸಿದವರ ವಂಶಾವಳಿ

ಈ ವಾರವೆಲ್ಲ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಐರ್ಲೆಂಡಿನ ಭೂಮೌಲ್ಯಮಾಪನ ಕಚೇರಿಯ ಒಂದು ಹಳೆಯ ಪರಿಷ್ಕರಣ ಪುಸ್ತಕದ ಪುಟ. ಕಪ್ಪು ಮಸಿಯಲ್ಲಿ ಒಬ್ಬ ಒಕ್ಕಲಿನವನ ಹೆಸರು. ಅದರ ಮೇಲೆ ಅಡ್ಡಲಾಗಿ ಎಳೆದ ಕೆಂಪು ಗೆರೆ. ಗೆರೆಯ ಬದಿಗೆ ಅದೇ ಕೆಂಪು ಮಸಿಯಲ್ಲಿ 'ಡೌನ್' ಎಂಬ ಒಂದೇ ಮಾತು. ಮನೆ ಬಿದ್ದಿದೆ ಎಂದು ಅದರ ಅರ್ಥ. ಒಂದೊಂದು ಪರಿಷ್ಕರಣೆಗೆ ಒಂದೊಂದು ಬಣ್ಣದ ಮಸಿಯನ್ನು ಬಳಸುವ ಪದ್ಧತಿಯಿದ್ದುದರಿಂದ, ಅಂಚಿನಲ್ಲಿ ಅದೇ ಬಣ್ಣದಲ್ಲಿ ಬರೆದ ಇಸವಿಯನ್ನು ಹುಡುಕಿ ಹೊಂದಿಸಿದರೆ, ಆ ಮನೆಯ ಒಲೆ ಯಾವ ವರ್ಷದ ವೇಳೆಗೆ ಆರಿತ್ತೆಂಬುದು ಗೊತ್ತಾಗುತ್ತದೆ. ಡಬ್ಲಿನ್ನಿನ ನನ್ನ ನೆರೆಮನೆಯ ವೃದ್ಧೆಯೊಬ್ಬರಿಗಾಗಿ ನಾನು ಆ ಪುಟವನ್ನು ತೆರೆದದ್ದು. "ನಮ್ಮವರು ರೋಸ್‌ಕಾಮನ್ ಕಡೆಯಿಂದ ಹೋದರೆಂಬುದು ಗೊತ್ತು, ಯಾವ ಊರಿಂದ, ಯಾರ ಜಮೀನಿಂದ ಎಂಬುದು ನಮ್ಮ ತಾಯಿಗೂ ಗೊತ್ತಿರಲಿಲ್ಲ" ಎಂದು ಆಕೆ ಹೇಳಿದ್ದರು.

ನಮ್ಮ ಭಾಷೆಯಲ್ಲಿ 'ಒಕ್ಕಲು' ಎಂದರೆ ಸಂಸಾರವೂ ಹೌದು, ಪರರ ಭೂಮಿಯನ್ನು ಸಾಗುವಳಿ ಮಾಡುವ ಅದರ ಸಂಬಂಧವೂ ಹೌದು. ಆದುದರಿಂದ ಒಕ್ಕಲೆಬ್ಬಿಸುವುದೆಂದರೆ ಗೇಣಿಯ ಹೊಲವನ್ನು ಬಿಡಿಸುವುದು ಮಾತ್ರವಲ್ಲ, ಸಂಸಾರವೆಂಬ ಗಿಡವನ್ನೇ ಬೇರುಸಹಿತ ಮೇಲೆಬ್ಬಿಸುವುದು. ಈ ಒಂದು ಮಾತಿನ ಆಳವನ್ನು ತಿಳಿದ ಕನ್ನಡಿಗನಿಗೆ, ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನಲ್ಲಿ ಮನೆತನಗಳ ಜಾಡು ಹಿಡಿಯುವ ಕೆಲಸವು ಪರದೇಶದ ವಿದ್ಯೆಯೆಂದು ತೋರುವುದಿಲ್ಲ.

ಆದರೆ ಈ ದೇಶದಲ್ಲಿ ವಂಶಶೋಧನೆಯು ಬೂದಿಯಿಂದ ಆರಂಭವಾಗಬೇಕು. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ಕದನದ ಕೊನೆಯಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಭವನಕ್ಕೆ ಹೊಂದಿಕೊಂಡಿದ್ದ ಸಾರ್ವಜನಿಕ ದಫ್ತರಖಾನೆಯು ಸ್ಫೋಟ ಮತ್ತು ಬೆಂಕಿಗಳಿಗೆ ಆಹುತಿಯಾಯಿತು; ಏಳು ಶತಮಾನಗಳ ಕಾಗದಗಳು ಒಂದು ಮಧ್ಯಾಹ್ನದಲ್ಲಿ ಉರಿದು, ಸುಟ್ಟ ಹಾಳೆಗಳು ಗಾಳಿಯಲ್ಲಿ ತೇಲಿ, ಕಡಲ ತೀರದ ಹೌತ್ ಎಂಬ ಊರಿನವರೆಗೂ ಹೋಗಿ ಬಿದ್ದುವಂತೆ. 1821ರಿಂದ 1851ರವರೆಗಿನ ನಾಲ್ಕು ಖಾನೇಷುಮಾರಿಗಳ ಬಹುಭಾಗವು ಆಗ ನಾಶವಾಯಿತು. 1861 ಮತ್ತು 1871ರವನ್ನು ಸರ್ಕಾರವೇ ಅಂಕಿಅಂಶಗಳನ್ನು ತೆಗೆದುಕೊಂಡ ಮೇಲೆ ನಾಶಪಡಿಸಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಅರೆದುಹೋದುವು. ಹೀಗಾಗಿ ಇಡೀ ದೇಶಕ್ಕೆ ಅನ್ವಯಿಸುವಂತೆ ಉಳಿದ ಹಳೆಯ ಖಾನೇಷುಮಾರಿಗಳೆಂದರೆ 1901 ಮತ್ತು 1911ರವು ಮಾತ್ರ. 1841ರಲ್ಲಿ 81,75,124 ಇದ್ದ ಜನಸಂಖ್ಯೆಯು ಆ ನಡುವೆ ಬಂದ ಮಹಾಕ್ಷಾಮದ ತರುವಾಯ 1851ರಲ್ಲಿ 65,52,385ಕ್ಕೆ ಇಳಿದುದು ನಮಗೆ ಗೊತ್ತಿದೆ. ಆ ಇಳಿತದೊಳಗೆ ಸೇರಿಹೋದವರ ಹೆಸರುಗಳಿದ್ದ ಹಾಳೆಗಳು ಮಾತ್ರ ಇಲ್ಲ. ಆ ಎರಡು ಗಣತಿಗಳ ನಮೂನೆಯಲ್ಲಿ, ಮನೆಯಲ್ಲಿದ್ದವರ ಹೆಸರಲ್ಲದೆ, ಊರು ಬಿಟ್ಟು ಹೊರಗಿದ್ದವರಿಗೂ ಹಿಂದಿನ ಹತ್ತು ವರ್ಷಗಳಲ್ಲಿ ತೀರಿಹೋದವರಿಗೂ ಪ್ರತ್ಯೇಕ ಪಟ್ಟಿಗಳಿದ್ದುವೆಂಬುದನ್ನು ನೆನೆದಾಗ ನನಗೆ ಉಂಟಾಗುವ ಸಂಕಟವು ವರ್ಷಗಳು ಕಳೆದರೂ ಕಡಿಮೆಯಾಗಿಲ್ಲ.

ಉಳಿದುದು ಉಳಿದ ಬಗೆಯೂ ಆಶ್ಚರ್ಯಕರವಾದುದು. 1909ರ ಜನವರಿ 1ರಿಂದ, ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ 5 ಷಿಲ್ಲಿಂಗಿನವರೆಗೆ ವೃದ್ಧಾಪ್ಯವೇತನ ಕೊಡುವ ಕಾನೂನು ಜಾರಿಗೆ ಬಂದಿತು. ಐರ್ಲೆಂಡಿನಲ್ಲಿ ಜನನಗಳ ಸರ್ಕಾರಿ ನೋಂದಣಿ ಆರಂಭವಾದದ್ದೇ 1864ರಲ್ಲಿ. ಎಪ್ಪತ್ತಾಯಿತೆಂಬುದಕ್ಕೆ ಆ ವೃದ್ಧರು ಸಾಕ್ಷಿಯನ್ನು ತರುವುದೆಲ್ಲಿಂದ? ತಂದೆತಾಯಿಗಳ ಹೆಸರನ್ನೂ ಬಾಲ್ಯದಲ್ಲಿ ತಾವಿದ್ದ ಊರನ್ನೂ ಬರೆದುಕೊಟ್ಟರೆ, ದಫ್ತರಖಾನೆಯ ಗುಮಾಸ್ತನು 1841 ಅಥವಾ 1851ರ ಗಣತಿಯ ಹಾಳೆಯಲ್ಲಿ ಆ ಮಗುವನ್ನು ಹುಡುಕಿ, ಕಂಡುದನ್ನು ಅರ್ಜಿಯ ಚೀಟಿಯ ಮೇಲೆಯೇ ಟಿಪ್ಪಣಿ ಮಾಡುತ್ತಿದ್ದನು. ಮೂಲ ಸುಟ್ಟಿತು, ಚೀಟಿ ಉಳಿಯಿತು. ಪಿಂಚಣಿಗಾಗಿ ಒಬ್ಬ ಮುದುಕಿ ತನ್ನ ತಾಯಿಯ ತೌರಿನ ಹೆಸರನ್ನು ನೆನೆದು ಹೇಳಿದುದರಿಂದ, ಕ್ಷಾಮಪೂರ್ವದ ಒಂದು ಸಂಸಾರವು ತನ್ನ ಮಕ್ಕಳ ವಯಸ್ಸುಗಳೊಡನೆ ಇಂದಿಗೂ ನಮಗೆ ದೊರೆಯುತ್ತದೆ. ವಂಶಶೋಧನೆಯ ಅಭಿರುಚಿಯುಳ್ಳವರು ಈ ಚೀಟಿಗಳನ್ನು ಮೊದಲು ನೋಡತಕ್ಕದ್ದೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅದಾದ ಮೇಲೆ ಭೂಮಿಯ ದಾಖಲೆಗಳು. 1823ರಿಂದ 1830ರ ದಶಕದ ಕೊನೆಯವರೆಗೆ, ಸರ್ಕಾರದ ಅಧಿಕೃತ ಚರ್ಚಿಗೆ ಸಲ್ಲಬೇಕಾದ ದಶಮಾಂಶದ ಹಂಚಿಕೆಗಾಗಿ ತಯಾರಾದ ಪುಸ್ತಕಗಳು ಒಂದು. ರಿಚರ್ಡ್ ಗ್ರಿಫಿತ್ ಎಂಬಾತನ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಅಚ್ಚಾದ ಭೂಮೌಲ್ಯಮಾಪನ ಇನ್ನೊಂದು. ಎರಡೂ ನಮ್ಮ ಶಾನುಭೋಗರ ಖಾತೆಪುಸ್ತಕಗಳ ಬಂಧುಗಳೇ. ಎರಡಕ್ಕೂ ಆಧಾರ 'ಟೌನ್‌ಲ್ಯಾಂಡ್' ಎಂಬ ಅತ್ಯಂತ ಸಣ್ಣ ಗ್ರಾಮಘಟಕ, ಹೆಚ್ಚುಕಡಿಮೆ ನಮ್ಮ ಮಜರೆಯಂಥದು. ಇಡೀ ದ್ವೀಪದಲ್ಲಿ ಇಂಥವು ಅರವತ್ತು ಸಾವಿರಕ್ಕೂ ಮಿಕ್ಕಿವೆ. ಗ್ರಿಫಿತನ ಪುಟದಲ್ಲಿ ಅನುಭವದಾರನ ಹೆಸರು, ಅವನಿಗೆ ನೆಲವನ್ನು ಗೇಣಿಗೆ ಕೊಟ್ಟವನ ಹೆಸರು, ಮನೆ ಹಿತ್ತಿಲುಗಳ ವಿವರ, ವಿಸ್ತೀರ್ಣ, ತೆರಿಗೆಗೆ ಒಳಪಡುವ ಮೌಲ್ಯ, ಇಷ್ಟು ಕಾಲಮುಗಳು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ, ಗುರುತಿಗಾಗಿ ಅಪ್ಪನ ಹೆಸರನ್ನೋ ಒಂದು ಅಡ್ಡಹೆಸರನ್ನೋ ಕಂಸದಲ್ಲಿ ಸೇರಿಸಿರುವುದುಂಟು: 'ರೋ' ಎಂದರೆ ಕೆಂಚ, 'ಬಾನ್' ಎಂದರೆ ಬಿಳಿಯ. ಕೆಂಪಣ್ಣ ಕರಿಯಪ್ಪಂದಿರ ನಾಡಿನಿಂದ ಬಂದವನಿಗೆ ಆ ಕಂಸದೊಳಗಣ ಎರಡಕ್ಷರಗಳು ಊರಿನ ಕಟ್ಟೆಯ ಮಾತಿನಂತೆ ಕೇಳಿಸುತ್ತವೆ. ತೆರಿಗೆಯ ಪುಸ್ತಕದೊಳಗೆ ಒಬ್ಬ ಮನುಷ್ಯನ ಕೂದಲ ಬಣ್ಣವು ಇದ್ದಕ್ಕಿದ್ದಂತೆ ಹೊಳೆಯುತ್ತದೆ.

ಈ ಎರಡು ಪುಸ್ತಕಗಳ ನಡುವೆ ಒಂದು ಹೆಸರು ಮಾಯವಾದರೆ, ಶೋಧಕನು ಅಲ್ಲಿ ನಿಲ್ಲಬೇಕು. ಬಹುಮಂದಿ ಪುಟ ತಿರುವಿ ಮುಂದಕ್ಕೆ ಹೋಗುತ್ತಾರೆ, ಅದು ತಪ್ಪು. ವಾರ್ಷಿಕ ಮೌಲ್ಯವು 4 ಪೌಂಡಿಗಿಂತ ಹೆಚ್ಚಿಲ್ಲದ ಹಿಡುವಳಿಗಳ ಮೇಲೆ ಬಡವರ ಪೋಷಣೆಗಾಗಿ ವಿಧಿಸುತ್ತಿದ್ದ ತೆರಿಗೆಯನ್ನು ಒಕ್ಕಲಿನ ಬದಲಾಗಿ ಜಮೀನ್ದಾರನೇ ಕಟ್ಟಬೇಕೆಂಬ ನಿಯಮವಿದ್ದುದರಿಂದ, ಸಣ್ಣ ಒಕ್ಕಲುಗಳು ಇದ್ದಷ್ಟೂ ಅವನಿಗೆ ಭಾರ. ಇದಲ್ಲದೆ 1847ರ ಜೂನಿನಲ್ಲಿ, ಕಾಲು ಎಕರೆಗಿಂತ ಹೆಚ್ಚು ನೆಲವನ್ನು ಹಿಡಿದವನಿಗೆ ಸಾರ್ವಜನಿಕ ನೆರವಿಲ್ಲವೆಂಬ, ವಿಲಿಯಂ ಗ್ರೆಗರಿ ಎಂಬ ಪಾರ್ಲಿಮೆಂಟ್ ಸದಸ್ಯನು ಸೂಚಿಸಿದ ಷರತ್ತು ಕಾನೂನಿಗೆ ಸೇರಿತು. ಹಸಿದ ಮಕ್ಕಳಿಗೆ ಗಂಜಿ ಬೇಕಾದರೆ ತಂದೆಯಾದವನು ಹೊಲವನ್ನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಹೊಲದ ಗುಡಿಸಲಿನ ಮಾಡನ್ನು ಮರುದಿನವೇ ಕೆಡವಿಸಿದ ನಿದರ್ಶನಗಳು ಬಹಳ. 1830ರ ದಶಕದಲ್ಲಿ ಮೋಜಣಿಯಾದ ಆರಿಂಚಿನ ನಕ್ಷೆಯಲ್ಲಿ ಗುಂಪುಗುಂಪಾಗಿ ಕಪ್ಪು ಚುಕ್ಕೆಗಳಾಗಿ ಕಾಣುವ ಮನೆಗಳು ಅರ್ಧ ಶತಮಾನದ ಮೇಲಿನ ಇಪ್ಪತ್ತೈದಿಂಚಿನ ನಕ್ಷೆಯಲ್ಲಿ ಇಲ್ಲದಿರುವುದನ್ನು ಎರಡನ್ನೂ ಮಗ್ಗುಲಲ್ಲಿಟ್ಟು ನೋಡಿದರೆ, ಇಲ್ಲದಿರುವುದೇ ಒಂದು ದಾಖಲೆಯೆಂಬುದು ಮನಸ್ಸಿಗೆ ನಾಟುತ್ತದೆ. ಅಂಥ ಬೆಟ್ಟದ ಇಳಿಜಾರಿನಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ, ಆಲೂಗಡ್ಡೆ ನೆಡಲು ಗುದ್ದಲಿಯಿಂದ ಏರಿಸಿದ ಮಡಿಗಳ ಸಾಲುಗಳು ಹುಲ್ಲಿನ ಕೆಳಗೆ ಪಕ್ಕೆಲುಬುಗಳಂತೆ ಇಂದಿಗೂ ಎದ್ದು ಕಾಣುವುದನ್ನು ನಾನು ಕಂಡಿದ್ದೇನೆ.

ರೋಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್ ಎಂಬಲ್ಲಿಯ ಜಹಗೀರಿನಲ್ಲಿ ಒಕ್ಕಲೆಬ್ಬಿಸುವ ಈ ಕೆಲಸವು ಲೆಕ್ಕಪತ್ರದ ಅಚ್ಚುಕಟ್ಟಿನೊಡನೆ ನಡೆಯಿತು. ಅದರ ಒಡೆಯನಾದ ಮೇಜರ್ ಡೆನಿಸ್ ಮಾಹನನಿಗೆ ಅವನ ಪಾರುಪತ್ಯಗಾರನು, ಒಕ್ಕಲುಗಳನ್ನು ಬಡವರ ಮನೆಯಲ್ಲಿಟ್ಟು ಸಾಕುವುದಕ್ಕಿಂತ ಹಡಗಿನ ಕೂಲಿಯನ್ನು ಕೊಟ್ಟು ಕೆನಡಾಕ್ಕೆ ಕಳುಹಿಸುವುದು ಕಡಿಮೆ ಖರ್ಚಿನದೆಂದು ಲೆಕ್ಕ ಹಾಕಿ ತೋರಿಸಿದನು. 1847ರ ಮೇ ತಿಂಗಳ ಕೊನೆಯಲ್ಲಿ 1,490 ಜನ, ರಾಯಲ್ ಕಾಲುವೆಯ ದಂಡೆಯನ್ನು ಹಿಡಿದು ಡಬ್ಲಿನ್ನಿಗೆ ನಡೆದರು. ಅಲ್ಲಿಂದ ಲಿವರ್‌ಪೂಲಿಗೆ, ಅಲ್ಲಿಂದ ನಾಲ್ಕು ಹಡಗುಗಳಲ್ಲಿ ಕ್ವಿಬೆಕ್ಕಿಗೆ. 'ವರ್ಜೀನಿಯಸ್' ಎಂಬ ಹಡಗನ್ನು ಹತ್ತಿದ 476 ಮಂದಿಯಲ್ಲಿ 158 ಮಂದಿ ಸಮುದ್ರದಲ್ಲೇ ತೀರಿಕೊಂಡರು. ಅದೇ ವರ್ಷದ ನವೆಂಬರ್ 2ರಂದು ಮಾಹನನು ಗುಂಡಿಗೆ ಬಲಿಯಾದನು. ಆ ಜಹಗೀರಿನ ಕಾಗದಪತ್ರಗಳು, ಸುಮಾರು 50,000 ಎಂಬ ಲೆಕ್ಕದಲ್ಲಿ, ಅದೇ ಬಂಗಲೆಯಲ್ಲಿ ಉಳಿದುಬಂದುವು. 1979ರಲ್ಲಿ ಆಸ್ತಿಯನ್ನು ಕೊಂಡ ಸ್ಥಳೀಯ ವ್ಯಾಪಾರಿ ಜಿಮ್ ಕ್ಯಾಲರಿಯವರು ಅವುಗಳ ಬೆಲೆಯನ್ನರಿತು ಕಾಪಾಡಿದುದರ ಫಲವಾಗಿ 1994ರಲ್ಲಿ ಅಲ್ಲಿ ಕ್ಷಾಮದ ವಸ್ತುಸಂಗ್ರಹಾಲಯವು ತೆರೆಯಿತು.

ಆ 1,490 ಜನರಲ್ಲಿ ಮೇರಿ ಟೈ ಎಂಬ ವಿಧವೆಯೂ, ಅವಳ ಸೋದರನೂ, ಅವಳ ಐದು ಮಕ್ಕಳೂ ಇದ್ದರು. 'ನಯೋಮಿ' ಎಂಬ ಹಡಗಿನಲ್ಲಿ ಹೊರಟ ಆ ಸಂಸಾರದಲ್ಲಿ ಉಳಿದವರು ಇಬ್ಬರೇ: ಹನ್ನೆರಡು ವರ್ಷದ ಡೇನಿಯಲ್, ಒಂಬತ್ತು ವರ್ಷದ ಕ್ಯಾಥರೀನ್. ಗ್ರೋಸ್ ಈಲ್ ಎಂಬ ನದೀದ್ವೀಪದ ತಡೆಶಿಬಿರವನ್ನು ದಾಟಿದ ಅನಾಥ ಮಕ್ಕಳನ್ನು ಪಾದ್ರಿಗಳು ಹಳ್ಳಿಗಳ ಸಂಸಾರಗಳಿಗೆ ಒಪ್ಪಿಸುತ್ತಿದ್ದರು. ಲೋಬಿನಿಯೇರ್ ಎಂಬಲ್ಲಿಯ ಫ್ರೆಂಚ್ ಮಾತಿನ ಕೂಲಂಬ್ ದಂಪತಿಗಳು ಒಂದು ಮಗುವನ್ನು ಒಯ್ಯಬಂದಿದ್ದವರು, ಅಣ್ಣತಂಗಿಯರು ಒಬ್ಬರನ್ನೊಬ್ಬರು ಬಿಡದೆ ಅತ್ತುದನ್ನು ಕಂಡು ಇಬ್ಬರನ್ನೂ ಕರೆದೊಯ್ದರೆಂಬುದು ಆ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಸಾಕಿದವರು ಮಕ್ಕಳ ಹೆಸರನ್ನು ಬದಲಿಸಲಿಲ್ಲ. ಐರ್ಲೆಂಡಿನ ಕಾಗದದಲ್ಲಿ ಅದರ ಕಾಗುಣಿತ ಒಂದು, ಕ್ವಿಬೆಕ್ಕಿನ ಕಾಗದದಲ್ಲಿ ಇನ್ನೊಂದು; ಕನ್ನಡದಲ್ಲಿ ಬರೆದರೆ ಎರಡೂ 'ಟೈ' ಎಂದೇ ಆಗುತ್ತದೆ. ಕಾಗುಣಿತದ ವ್ಯತ್ಯಾಸಕ್ಕೆ ಹೆದರಿ ಜಾಡನ್ನು ಬಿಟ್ಟವರಿಗೆ, ಕಿವಿಯಿಂದ ಓದಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಬಡವನ ಹೆಸರನ್ನು ಬರೆದಿಟ್ಟ ಕೈ ಬಹುಮಟ್ಟಿಗೆ ಅವನಿಂದ ತೆರಿಗೆಯನ್ನು ಪಡೆಯುವ ಕೈ, ಇಲ್ಲವೆ ಅವನನ್ನು ಹೊರಡಿಸುವ ಕೈ. ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿ, 1654ರ ಮೇ 1ರೊಳಗಾಗಿ ಷ್ಯಾನನ್ ನದಿಯಾಚೆಯ ಕಾನಾಟ್ ಪ್ರಾಂತಕ್ಕೆ ಹೊರಡಬೇಕೆಂದು ಅಪ್ಪಣೆಯಾದ ಭೂಮಾಲಿಕರು ತಮ್ಮೊಡನೆ ಬರುವವರ ವಯಸ್ಸು, ಎತ್ತರ, ಕೂದಲ ಬಣ್ಣ, ದನಕರುಗಳ ಸಂಖ್ಯೆ, ಬಿತ್ತಿದ ಪೈರು ಇವೆಲ್ಲವನ್ನೂ ಬರೆದುಕೊಡಬೇಕಾಗಿತ್ತು. 1865ರಲ್ಲಿ ಜಾನ್ ಪ್ರೆಂಡರ್‌ಗಾಸ್ಟನು ಅವುಗಳಲ್ಲಿ ಕೆಲವನ್ನು ತನ್ನ ಗ್ರಂಥದಲ್ಲಿ ಎತ್ತಿಕೊಡದಿದ್ದರೆ ಆ ಕೂದಲ ಬಣ್ಣಗಳೂ ಇಂದು ಇರುತ್ತಿರಲಿಲ್ಲ. ಅಮೆರಿಕದ ಅಲಬಾಮಾದಲ್ಲಿ, ಮಸ್ಕೋಗಿ ಎಂದು ತಮ್ಮನ್ನು ಕರೆದುಕೊಳ್ಳುವ ಕ್ರೀಕ್ ಜನರ ಕತೆಯೂ ಇದೇ: 1832ರ ಒಪ್ಪಂದದ ಬೆನ್ನಿಗೆ ಪಾರ್ಸನ್ಸ್ ಮತ್ತು ಅಬಟ್ ಎಂಬ ಇಬ್ಬರು ಊರೂರಿಗೆ ಹೋಗಿ ಮನೆಯೊಡೆಯರ ಪಟ್ಟಿಯನ್ನು ಮಾಡಿದರು, 1836ರಲ್ಲಿ ಆ ಜನರನ್ನು ಬಲಾತ್ಕಾರದಿಂದ ಪಶ್ಚಿಮಕ್ಕೆ ಸಾಗಿಸಲಾಯಿತು. ಇಂದು ಕ್ರೀಕ್ ಮನೆತನಗಳವರು ತಮ್ಮ ಹಿರಿಯರನ್ನು ಹುಡುಕುವುದು ಆ ಪಟ್ಟಿಯಲ್ಲಿಯೇ. ಅವರಲ್ಲಿ ಬಳಿಯು ತಾಯಿಯಿಂದ ಬರುವುದು, ಪಟ್ಟಿಯಲ್ಲಿರುವುದು ಮನೆಯೊಡೆಯನ ಹೆಸರು ಮಾತ್ರ. ಅಳಿಯಸಂತಾನದ ತುಳುನಾಡಿನವರಿಗೆ ಆ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ರೀತಿ ಒಕ್ಕಲೆದ್ದು ಹೋಗಿದ್ದ ಚಾಕ್ಟಾ ಜನರು 1847ರ ಮಾರ್ಚಿನಲ್ಲಿ, ಐರ್ಲೆಂಡಿನ ಹಸಿವಿನ ವಾರ್ತೆಯನ್ನು ಕೇಳಿ, ತಮ್ಮೊಳಗೆ 170 ಡಾಲರನ್ನು ಕೂಡಿಸಿ ಕಳುಹಿಸಿದರು. ಕಾರ್ಕ್ ಕೌಂಟಿಯ ಮಿಡಲ್‌ಟನ್ನಿನಲ್ಲಿ, ಅದರ ಸ್ಮರಣೆಗಾಗಿ ನಿಲ್ಲಿಸಿದ ಉಕ್ಕಿನ ಒಂಬತ್ತು ಗರಿಗಳ ನಡುವೆ ನಿಂತಾಗ ನನ್ನ ಕಣ್ಣು ತುಂಬಿದ್ದುಂಟು.

ನಮ್ಮ ಅಜ್ಜಿಯ ಊರಿಗೆ, ಬಾಗಲಕೋಟೆಯ ಕಡೆ, ಕೆಲವು ವರ್ಷಗಳಿಗೊಮ್ಮೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಅಂಗಳದಲ್ಲಿ ಕೂತು, ಹಳೆಯ ಪುಸ್ತಕವನ್ನು ಬಿಚ್ಚಿ, ಮೂಲಪುರುಷನಿಂದ ಹಿಡಿದು ಯಾರು ಯಾವ ಊರಿಂದ ಎದ್ದು ಯಾವ ಊರಿಗೆ ಬಂದರೆಂಬುದನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕಾಳುಕಡಿಗಳನ್ನು ಪಡೆದು ಹೋಗುತ್ತಿದ್ದರು. ಹೆಸರನ್ನು ಉಳಿಸುವುದಕ್ಕಾಗಿಯೇ ಬರೆಯುವ ಕೈ ಅದು. ಗೇಣಿಯ ಬಾಕಿಯ ಪಟ್ಟಿಯಿಂದ ಒಂದು ಮನೆತನವನ್ನು ಎತ್ತಿ ಹೊರತೆಗೆಯುವಾಗಲೆಲ್ಲ ನನಗೆ ಆ ಅಂಗಳವು ನೆನಪಿಗೆ ಬರುತ್ತದೆ. ಕಚೇರಿಯ ಗುಮಾಸ್ತನು ಬರೆದುದನ್ನು ಹೆಳವನ ದನಿಯಲ್ಲಿ ಓದಬೇಕೆಂಬುದು ಈ ಹವ್ಯಾಸದಲ್ಲಿ ನಾನು ಕಲಿತುಕೊಂಡ ವಿದ್ಯೆ.

2013ರಲ್ಲಿ ಡೇನಿಯಲ್ ಟೈಯ ವಂಶದವರೊಬ್ಬರು ಕ್ವಿಬೆಕ್ಕಿನಿಂದ ಸ್ಟ್ರೋಕ್ಸ್‌ಟೌನಿಗೆ ಬಂದು ಹೋದರು. ನೆರೆಮನೆಯ ವೃದ್ಧೆಗೆ ಇದನ್ನು ಹೇಳಿದಾಗ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ, ತಮ್ಮ ತಾಯಿಯ ಪ್ರಾರ್ಥನಾ ಪುಸ್ತಕವನ್ನು ತಂದು, ಅದರ ಕೊನೆಯ ಹಾಳೆಯಲ್ಲಿ ಯಾರೋ ಬರೆದಿದ್ದ ನಾಲ್ಕು ಹೆಸರುಗಳನ್ನು ತೋರಿಸಿದರು. ಕೆಂಪು ಗೆರೆಯ ಕೆಳಗಿದ್ದ ಹೆಸರು ಅವುಗಳಲ್ಲಿ ಎರಡನೆಯದು. ಒಂದೇ ಹೆಸರು ಒಂದೇ ಮನುಷ್ಯನದೆಂದು ಇಷ್ಟರಿಂದಲೇ ಹೇಳಲಾಗದು. ಚರ್ಚಿನ ರಿಜಿಸ್ಟರಿನಲ್ಲಿ ಅವನು ಲ್ಯಾಟಿನ್ನಿನ 'ಜಾಕೋಬಸ್' ಆಗಿರಬೇಕು, ಅವನ ಹೆಂಡತಿ 'ಹೊನೋರಾ' ಆಗಿರಬೇಕು. ದೀಕ್ಷಾಸ್ನಾನದ ಸಾಕ್ಷಿಗಳಾಗಿ ಮಿಕ್ಕ ಮೂವರ ಹೆಸರುಗಳೂ ಅಲ್ಲಿ ಬರಬೇಕು. ರಾಷ್ಟ್ರೀಯ ಗ್ರಂಥಾಲಯವು 2015ರಲ್ಲಿ ಎಲ್ಲರಿಗೂ ತೆರೆದಿಟ್ಟ ಆ ರಿಜಿಸ್ಟರುಗಳ ಚಿತ್ರಗಳಲ್ಲಿ, ಆ ಪ್ಯಾರಿಷ್ಷಿನ ಪುಟಗಳು ನೀರು ತಾಗಿ ಮಾಸಿವೆ. ನಾಲ್ಕು ಹೆಸರುಗಳನ್ನೂ ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡಿದ್ದೇನೆ. ಸೋಮವಾರದಿಂದ ಮೊದಲ ಪುಟವನ್ನು ಹಿಡಿಯುತ್ತೇನೆ.